ಯಾರೂ ಅಡ್ಡ ಬರದ ತೊಂಬತ್ತು ನಿಮಿಷ

ನನ್ನ ಗಂಡ ಪಂಢರಿನಾಥರು ಒಂದು ಟವೆಲ್ಲಿನಿಂದ ನನ್ನ ವಿದ್ಯಾಭ್ಯಾಸವನ್ನು ನಿಲ್ಲಿಸಿದರು. (ಟವೆಲ್ಲು ಸುತ್ತಿಕೊಂಡಿದ್ದರು, ಅಷ್ಟರಮಟ್ಟಿಗೆ ದೇವರು ದೊಡ್ಡವನು.) ಕಳೆದ ಡಿಸೆಂಬರಿನಲ್ಲಿ ನಾನು ದೂರಶಿಕ್ಷಣದ ಕಂಪ್ಯೂಟರ್ ಡಿಪ್ಲೊಮಾದ ಕೊನೆಯ ಪರೀಕ್ಷೆಗೆ ಕುಳಿತಿದ್ದೆ. ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಬರೆಯುವ ಪರೀಕ್ಷೆ. ಪರದೆಯ ನೆತ್ತಿಯ ಮೇಲಿನ ಕ್ಯಾಮೆರಾದ ಕಾವಲು. ಹನ್ನೊಂದನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಕ್ಯಾಮೆರಾದ ಪೂರ್ಣ ದೃಷ್ಟಿಯಲ್ಲಿ, ನೀರು ತೊಟ್ಟಿಕ್ಕುತ್ತ ಪತಿದೇವರು ಪ್ರತ್ಯಕ್ಷರಾದರು.

"ಪ್ರಫುಲ್ಲಾ, ನನ್ನ ಬನೀನ ಎಲ್ಲದ?"

ಬನಿಯನ್ನು ಇಪ್ಪತ್ತೆರಡು ವರ್ಷಗಳಿಂದ ಎಲ್ಲಿದೆಯೋ ಅಲ್ಲೇ ಇತ್ತು. ಪರೀಕ್ಷೆ ಮಾತ್ರ ಅಲ್ಲಿಗೆ ಮುಗಿಯಿತು. 'ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಕಂಡುಬಂದಿದ್ದಾರೆ' ಎಂದು ಪರದೆ ಕೆಂಪಾಯಿತು.

ಇನ್ನೊಂದೇ ಅವಕಾಶವಿತ್ತು, ಮೇ ತಿಂಗಳಲ್ಲಿ. ಇಲ್ಲೇ ಹತ್ತಿರದ ಚಿಂಚವಾಡದ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ನನಗೆ ಕಂಪ್ಯೂಟರ್ ಕೋಣೆಯ ಸಹಾಯಕಿಯ ಕೆಲಸ ಕೊಡಲು ಒಪ್ಪಿದ್ದರು. ಜೂನ್ ಒಂದರೊಳಗೆ ಸರ್ಟಿಫಿಕೇಟ್ ತೋರಿಸಬೇಕು, ಇಲ್ಲವಾದರೆ ಬೇರೆಯವರು ಕಾದಿದ್ದಾರೆ. ಒಂದು ಕುರ್ಚಿ, ಅದರ ಮೇಲೆ ನಾನು, ಚಟ್ನಿಗೆ ಒಗ್ಗರಣೆ ಹಾಕಿದೆಯಾ ಎಂದು ಯಾರೂ ಕೇಳದ ಆರು ಗಂಟೆ. ಸ್ವರ್ಗದ ಬಗ್ಗೆ ನನ್ನ ಕಲ್ಪನೆ ಇದಕ್ಕಿಂತ ಮುಂದೆ ಹೋಗಿರಲಿಲ್ಲ.

ಪರೀಕ್ಷೆಯ ವಿಷಯ ಆಪರೇಟಿಂಗ್ ಸಿಸ್ಟಮ್. ಅಂದರೆ ಕಂಪ್ಯೂಟರಿನ ಒಳಗೆ ಕುಳಿತು ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಯಾರು ಬಾಯಿ ಮುಚ್ಚಿಕೊಂಡು ಕಾಯಬೇಕು ಎಂಬುದನ್ನು ನೋಡಿಕೊಳ್ಳುವ ವ್ಯವಸ್ಥೆ. ಎಲ್ಲವೂ ಸರಿಯಾಗಿ ನಡೆಯುವಾಗ ಅದು ಇದೆಯೆಂದೇ ಯಾರಿಗೂ ಗೊತ್ತಾಗಬಾರದು, ಅದೇ ಅದರ ಹೆಗ್ಗಳಿಕೆ ಎಂದು ಪುಸ್ತಕದಲ್ಲಿತ್ತು. ಮೊದಲ ಪುಟದಲ್ಲೇ ನನಗೆ ಕಣ್ಣು ತುಂಬಿ ಬಂತು.

ಮುಂದೆ ಓದಿದೆ. ಒಂದೇ ಪ್ರಾಸೆಸರು ಹತ್ತು ಕೆಲಸಗಳನ್ನು ಒಟ್ಟಿಗೆ ಮಾಡುವಂತೆ ಕಾಣುತ್ತದಂತೆ. ನಿಜದಲ್ಲಿ ಮಾಡುವುದಿಲ್ಲ. ಒಂದನ್ನು ಚೂರು ಮಾಡಿ, ಎಲ್ಲಿಗೆ ಬಿಟ್ಟೆ ಎಂದು ಗುರುತಿಟ್ಟುಕೊಂಡು, ಇನ್ನೊಂದಕ್ಕೆ ಓಡಿ, ಮತ್ತೆ ಮೊದಲಿನದಕ್ಕೆ ಬರುತ್ತದೆ. ಈ ಓಡಾಟಕ್ಕೂ ಸಮಯ ಹಿಡಿಯುತ್ತದೆ. ಕೆಲಸ ವಿಪರೀತವಾದರೆ ಬರೀ ಓಡಾಟವೇ ಆಗಿ ಒಂದೂ ಮುಗಿಯುವುದಿಲ್ಲ. ಇದನ್ನು ಪುಸ್ತಕ ನಾಚಿಕೆಯಿಲ್ಲದೆ ಒಪ್ಪಿಕೊಂಡಿತ್ತು. ನಮ್ಮ ಮನೆಯಲ್ಲಿ ಒಪ್ಪಿಕೊಂಡವರನ್ನು ನಾನು ಕಾಣೆ.

ಏಳನೆಯ ಅಧ್ಯಾಯ ಡೆಡ್‌ಲಾಕ್. ನಾಲ್ಕು ಜನ ಒಬ್ಬೊಬ್ಬರು ಒಂದೊಂದು ವಸ್ತುವನ್ನು ಹಿಡಿದುಕೊಂಡು, ಇನ್ನೊಬ್ಬರು ಹಿಡಿದದ್ದಕ್ಕಾಗಿ ಕಾಯುತ್ತ, ಪ್ರಳಯದವರೆಗೂ ನಿಂತುಬಿಡುವುದು. ಇದನ್ನು ಬಾಯಿಪಾಠ ಮಾಡುವ ಅಗತ್ಯ ನನಗೆ ಬೀಳಲಿಲ್ಲ. ಅದನ್ನು ಓದಿದ ದಿನ ಬೆಳಗ್ಗೆ ಏಳೂವರೆಗೆ ನಮ್ಮ ಓಣಿಯಂಥ ಪ್ಯಾಸೇಜಿನಲ್ಲಿ ಅದು ನಡೆದೇ ಇತ್ತು. ಪಂಢರಿನಾಥರು ಬಚ್ಚಲಿನಲ್ಲಿದ್ದರು, ಟವೆಲ್ಲು ಬಾಲ್ಕನಿಯಲ್ಲಿತ್ತು. ಬಾಲ್ಕನಿಯ ದಾರಿಯಲ್ಲಿ ನನ್ನ ಅತ್ತೆ ರಂಗೂಬಾಯಿಯವರು ಮಡಿಯಲ್ಲಿ, ಪೂಜೆಯ ತಂಬಿಗೆ ಹಿಡಿದು ನಿಂತಿದ್ದರು. ಮಗಳು ಅನುಜಾ ಮೈಲಿಗೆ ಬಟ್ಟೆಯಲ್ಲಿ ಬಚ್ಚಲ ಬಾಗಿಲಿಗೆ ಅಂಟಿಕೊಂಡಿದ್ದಳು.

"ಸರೀಯೇ ಹುಡುಗಿ, ಮಡಿ ಕೆಡ್ತದ!"

"ಅಜ್ಜಿ, ನಾ ಸರದ್ರ ನನ್ನ ಪಾಳಿ ಹೋಗ್ತದ. ಅಪ್ಪ, ಹೊರಗ ಬಾ!"

"ಟಾವೆಲ್ ಇಲ್ದ ಹ್ಯಾಂಗ ಬರ್ಲೆವಾ? ಪ್ರಫುಲ್ಲಾ!"

ಪುಸ್ತಕದ ಪ್ರಕಾರ ಇದಕ್ಕೆ ಪರಿಹಾರವೆಂದರೆ ಯಾರಾದರೊಬ್ಬರನ್ನು ಹಿಂದೆ ಸರಿಸುವುದು. ಆ ಒಬ್ಬರಿಗೆ ಶಾಸ್ತ್ರದಲ್ಲಿ 'ಬಲಿ' ಎಂದೇ ಹೆಸರು. ಬಲಿ ಯಾರೆಂದು ಹೇಳಬೇಕೆ? ಚಪಾತಿಯನ್ನು ಹಂಚಿನ ಮೇಲೇ ಬಿಟ್ಟು, ಮುಂಬಾಗಿಲಿನಿಂದ ಹೊರಬಿದ್ದು, ಪಕ್ಕದ ಮನೆಯ ಹರ್ಷದಾಳ ಬೆಲ್ ಒತ್ತಿ, ಅವಳ ಬಾಲ್ಕನಿಯಿಂದ ಬಟ್ಟೆ ಕೋಲು ಚಾಚಿ ನಮ್ಮ ಟವೆಲ್ಲನ್ನು ಮೀನಿನಂತೆ ಹಿಡಿದು ತಂದೆ. ಅಷ್ಟರಲ್ಲಿ ಅತ್ತೆಯವರು ಮೂಗು ಹಿಡಿದುಕೊಂಡಿದ್ದರು.

"ಚಪಾತಿ ಹೊತ್ತಿದ ವಾಸನಿ. ಇಕಿಗೆ ಒಲಿ ಮ್ಯಾಲ ಗಮನನ ಇರೂದಿಲ್ಲ."

ಅದೇ ಅಧ್ಯಾಯದ ಕೊನೆಯಲ್ಲಿ ಒಂದು ವಾಕ್ಯವಿತ್ತು: ಪ್ರತಿಸಲವೂ ಅದೇ ಒಂದನ್ನು ಬಲಿಯಾಗಿ ಆರಿಸಬಾರದು, ಹಾಗೆ ಮಾಡಿದರೆ ಅದರ ಕೆಲಸ ಎಂದೆಂದಿಗೂ ಮುಗಿಯುವುದಿಲ್ಲ. ನಾನದಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು, ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಓದಿದೆ. ಡಿಸೆಂಬರಿನ ಟವೆಲ್ಲು ಪಂಢರಿನಾಥರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತೆಂದು ಕಾಣುತ್ತದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಈ ಸಲದ ಪರೀಕ್ಷಾದ ಜವಾಬ್ದಾರಿ ನಂದು," ಎಂದರು. "ಚಾಕಣದ ಕಾರ್ಖಾನ್ಯಾಗ ಮುನ್ನೂರು ಮಂದಿ ಶಿಫ್ಟ್ ನಡಸ್ತೀನಿ. ಒಂದು ಮನಿ ತೊಂಬತ್ತು ನಿಮಿಷ ಸುಮ್ನ ಇಡ್ಲಿಕ್ಕೆ ಆಗೂದಿಲ್ಲೇನು?"

ಪರೀಕ್ಷೆ ಗುರುವಾರ ಬಿದ್ದಿತ್ತು. ಕಾರ್ಖಾನೆಗೆ ಅಂದೇ ವಾರದ ರಜೆ, ಆದ್ದರಿಂದ ಸೇನಾಪತಿಗಳು ಖುದ್ದಾಗಿ ಮನೆಯಲ್ಲಿರುವವರು. ಅವರು ಮೂರು ಸಭೆ ಕರೆದರು. (ಸಭೆಗೆ ಚಹಾ ನಾನು ಮಾಡಿದೆ.) ಹೊರಬಾಗಿಲಿಗೆ 'ಪರೀಕ್ಷಾ ಚಾಲೂ ಆಹೇ', ಪರೀಕ್ಷೆ ನಡೆದಿದೆ, ಎಂದು ನೆರೆಯವರ ಮರಾಠಿಯಲ್ಲಿ ಫಲಕ ತೂಗಬೇಕೆಂದು ನಿರ್ಧರಿಸಿದರು. (ಬರೆದವಳು ನಾನು.) ಅಂದಿನ ಅಡುಗೆ ಹಿಂದಿನ ದಿನವೇ ಆಗಬೇಕು, ಔಷಧಿ ಡಬ್ಬಿಗಳ ಮೇಲೆ ಚೀಟಿ ಬೇಕು, ಹಾಲಿನವನಿಗೆ, ಕಸದವಳಿಗೆ, ಇಸ್ತ್ರಿಯವನಿಗೆ ಮುಂಚಿತವಾಗಿ ತಿಳಿಸಬೇಕು ಎಂದರು. ನನ್ನನ್ನು ತೊಂಬತ್ತು ನಿಮಿಷ ಖಾಲಿ ಇಡುವುದಕ್ಕಾಗಿ ನಾನು ಒಂಬತ್ತು ದಿನ ಕೆಲಸ ಮಾಡಿದೆ. ಕೊನೆಯ ಎರಡು ಅಧ್ಯಾಯಗಳನ್ನು ಓದುವುದು ಉಳಿದೇಹೋಯಿತು.

ಆದರೆ ಸುಳ್ಳು ಹೇಳಬಾರದು. ಆ ಗುರುವಾರ ಅವರೆಲ್ಲ ನಡೆದುಕೊಂಡ ರೀತಿಯನ್ನು ನೆನೆದರೆ ಇವತ್ತಿಗೂ ಬೈಯಲು ಬಾಯಿ ಬರುವುದಿಲ್ಲ. ಪಂಢರಿನಾಥರು ಏಳಕ್ಕೇ ಬನಿಯನ್ನು, ಅದರ ಮೇಲೆ ಅಂಗಿ ಹಾಕಿಕೊಂಡು ಸೋಫಾದ ಮೇಲೆ ಕೈಕಟ್ಟಿ ಕುಳಿತರು. ಅತ್ತೆಯವರು ಪೂಜೆಯ ಗಂಟೆಯ ನಾಲಿಗೆಗೆ ಹತ್ತಿ ಸುತ್ತಿ, ದೇವರಿಗೆ ಮೂಕಾರತಿ ಎತ್ತಿದರು. ಅನುಜಾ ನಮ್ಮ ಕುಕ್ಕರಿನ ಸೀಟಿಯನ್ನೇ ಕಿತ್ತು ಜೀನ್ಸಿನ ಕಿಸೆಯಲ್ಲಿಟ್ಟುಕೊಂಡಳು. ಹತ್ತು ಗಂಟೆಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡೆ.

ಮನೆ ನಿಶ್ಶಬ್ದವಾಯಿತು.

ನೀವು ಎಂದಾದರೂ ಇಂಥ ನಿಶ್ಶಬ್ದವನ್ನು ಕೇಳಿದ್ದೀರಾ? ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕೇಳಿರಲಿಲ್ಲ. ಹತ್ತು ನಿಮಿಷ ಸರಸರನೆ ಉತ್ತರಿಸಿದೆ. ಹನ್ನೊಂದನೆಯ ನಿಮಿಷಕ್ಕೆ ಕಿವಿ ಬಾಗಿಲಿಗೆ ಹೋಯಿತು. ಯಾರೂ ಯಾಕೆ ಕರೆಯುತ್ತಿಲ್ಲ? ಅತ್ತೆಯವರು ಬಿ.ಪಿ. ಮಾತ್ರೆ ತೆಗೆದುಕೊಂಡರೇ? ಕಿವಿಯ ಜೊತೆ ಕಣ್ಣೂ ಬಾಗಿಲಿನ ಕಡೆ ಹೊರಳಿತು. ಪರದೆಯ ಮೇಲೆ ಹಳದಿ ಪಟ್ಟಿ: 'ಮೊದಲ ಎಚ್ಚರಿಕೆ. ನೋಟ ಪರದೆಯ ಮೇಲಿರಲಿ.'

ಸಾವರಿಸಿಕೊಂಡೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಎಲ್ಲ ಗೊತ್ತಿದ್ದವೇ. ಇಪ್ಪತ್ತಮೂರನೆಯದು ಇಂಟರಪ್ಟ್ ಬಗ್ಗೆ. ಪ್ರಾಸೆಸರು ಕೆಲಸದಲ್ಲಿರುವಾಗ ಹೊರಗಿನಿಂದ ಬರುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ; ಬೇಡವಾದ ಕರೆಗಳು ತಟ್ಟದಂತೆ ಮೊದಲೇ ಮುಸುಕು ಹಾಕಿಡಬಹುದು. ಹಾಗೆ ಮುಸುಕು ಹಾಕಿದ ಕರೆ ಬಂದರೆ ಪ್ರಾಸೆಸರು ಏನು ಮಾಡುತ್ತದೆ? ಉತ್ತರ ನಾಲ್ಕನೆಯದು: ಅದನ್ನು ಬಾಕಿಯಿಟ್ಟು ಕೈಯಲ್ಲಿನ ಕೆಲಸ ಮುಂದುವರಿಸುತ್ತದೆ. ನಾನು ಬಾಣದ ಗುರುತನ್ನು ಅಲ್ಲಿಗೆ ಒಯ್ಯುತ್ತಿದ್ದೆ.

ಎಲ್ಲಿಂದಲೋ ಕುಕ್ಕರು ಕೂಗಿತು.

ಒಂದು, ಎಂದವು ನನ್ನ ತುಟಿಗಳು.

ನಮ್ಮದಲ್ಲ, ನನಗೆ ಗೊತ್ತು. ನಮ್ಮ ಸೀಟಿ ಅನುಜಾಳ ಕಿಸೆಯಲ್ಲಿದೆ. ಇಪ್ಪತ್ತನಾಲ್ಕನೆಯ ಪ್ರಶ್ನೆ ಓದತೊಡಗಿದೆ. ಮತ್ತೆ ಕೂಗಿತು. ಎರಡು. 'ಎರಡನೆಯ ಎಚ್ಚರಿಕೆ. ತುಟಿಗಳ ಚಲನೆ ಕಂಡುಬಂದಿದೆ.' ತುಟಿ ಕಚ್ಚಿ ಹಿಡಿದೆ. ಮೂರು. ಗೋಡೆಯಾಚೆ, ಹರ್ಷದಾಳ ಮನೆ. ವಾಸನೆಯ ಮೇಲೆ ಹೇಳುವುದಾದರೆ ತೊಗರಿಬೇಳೆ. ತೊಗರಿಬೇಳೆಗೆ ಮೂರು ಸಾಕು. ಈಗ ಯಾರಾದರೂ ಆರಿಸುತ್ತಾರೆ. ಆರಿಸಲಿಲ್ಲ. ನಾಲ್ಕು. ಐದು. ಬೇಳೆ ತಳ ಹಿಡಿಯುತ್ತಿದೆ! ಯಾರಿಗೂ ಕೇಳಿಸುತ್ತಿಲ್ಲವೇ? ಜಗತ್ತಿನಲ್ಲಿ ಯಾರಿಗೂ?

ನಾನು ಎದ್ದೆ ಎಂದು ಹೇಳಲಾರೆ. ನಾನು ಕುಳಿತೇ ಇದ್ದೆ; ಎದ್ದದ್ದು ನನ್ನ ಕಾಲುಗಳು.

ಹಾಲ್‌ನಲ್ಲಿ ಮೂವರೂ ನನ್ನನ್ನು ಕಂಡು ಬೆಚ್ಚಿಬಿದ್ದರು. ಮೌನದ ಪ್ರತಿಜ್ಞೆ ಮುರಿಯುವಂತಿಲ್ಲ, ಹೀಗಾಗಿ ಪಂಢರಿನಾಥರು ಎರಡೂ ಕೈಗಳಿಂದ ಬಸ್ಸನ್ನು ಹಿಂದಕ್ಕೆ ಬಿಡಿಸುವವರಂತೆ ಸನ್ನೆ ಮಾಡಿದರು. ಅನುಜಾ ಕಿಸೆಯಿಂದ ಸೀಟಿ ತೆಗೆದು ತೋರಿಸಿದಳು. ಅತ್ತೆಯವರು ಹತ್ತಿ ಸುತ್ತಿದ ಗಂಟೆಯನ್ನು ನನ್ನ ಮುಂದೆ ಅಲ್ಲಾಡಿಸಿ, ಒಂದು ಸದ್ದೂ ಬರುವುದಿಲ್ಲ ನೋಡು ಎಂದು ಅದರಿಂದಲೇ ಸಾಕ್ಷ್ಯ ನುಡಿಸಿದರು. ನಾನು ಅವರೆಲ್ಲರನ್ನೂ ದಾಟಿ, ನಮ್ಮದೇ ಫಲಕದ ಕೆಳಗಿನಿಂದ ಹೊರಟು, ಹರ್ಷದಾಳ ಬೆಲ್ ಒತ್ತಿದೆ.

ಬಾಗಿಲು ತೆರೆದವನು ಅವಳ ಗಂಡ ಮಂದಾರ. ಅಡುಗೆಮನೆಯಿಂದ ಐದು ಹೆಜ್ಜೆ ದೂರದ ಸೋಫಾದ ಮೇಲೆ ಮೊಬೈಲ್ ನೋಡುತ್ತಿದ್ದನಂತೆ. "ಅರೇ, ಶಿಟ್ಟೀ ಝಾಲೀ ಕಾ?" ಎಂದು ಆಶ್ಚರ್ಯಪಟ್ಟ. ಸೀಟಿ ಆಯಿತೇ ಅಂತೆ! ನಾನೇ ಒಳಹೋಗಿ ಗ್ಯಾಸ್ ಆರಿಸಿದೆ. ಒಳಕೋಣೆಯಲ್ಲಿ ಯೆರವಡಾದ ಆಫೀಸಿನ ಆನ್‌ಲೈನ್ ಮೀಟಿಂಗಿಗೆ ಕುಳಿತಿದ್ದ ಹರ್ಷದಾ, ಕಿವಿಯಿಂದ ಹೆಡ್‌ಫೋನ್ ಸರಿಸಿ ನನ್ನತ್ತ ಕೈಮುಗಿದಳು.

ಹಿಂತಿರುಗಿದಾಗ ಪರದೆ ಕೆಂಪಾಗಿತ್ತು. 'ಅಭ್ಯರ್ಥಿ ಆಸನದಲ್ಲಿಲ್ಲ. ಪರೀಕ್ಷೆ ಮುಕ್ತಾಯ.'

"ಯಾರು ಅಡ್ಡ ಬಂದ್ರು ಹೇಳು," ಎಂದರು ಪಂಢರಿನಾಥರು, ತೋಳು ಮಡಚುತ್ತ. "ಯಾರಿದ್ರೂ ಬಿಡೂದಿಲ್ಲ."

"ಯಾರೂ ಇಲ್ರಿ."

"ನಾವಂತೂ ಉಸರ ಸುದ್ದಾ ಬಿಗಿಹಿಡಿದು ಕೂತಿದ್ವಿ."

"ಹೌದ್ರಿ."

ಕರ್ಮವೇ, ಹೌದು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಬೈಯಲು ಪೂರ್ಣ ಅಧಿಕಾರ ಬೇಕಾಗಿದ್ದ ದಿನ, ಬೈಯಬಹುದಾದ ಒಬ್ಬ ಮನುಷ್ಯನೂ ಆ ಮನೆಯಲ್ಲಿರಲಿಲ್ಲ. ಅತ್ತೆಯವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಮಡಿಯಲ್ಲಿದ್ದೂ ಮುಟ್ಟಿದರು, ನನ್ನ ಸ್ಥಿತಿ ಎಷ್ಟು ಗಂಭೀರವೆಂದು ಆಗಲೇ ನನಗೆ ತಿಳಿದದ್ದು. ಮಧ್ಯಾಹ್ನ ನಾನೇ ಶಾಲೆಗೆ ಫೋನ್ ಮಾಡಿ, ಕಾದಿರುವ ಆ ಬೇರೆಯವರನ್ನೇ ಕರೆಯಿರಿ ಎಂದೆ. ಮುಖ್ಯೋಪಾಧ್ಯಾಯಿನಿ ಕಾರಣ ಕೇಳಿದರು. ಮನೆಯಲ್ಲಿ ಸ್ವಲ್ಪ ಅಡಚಣೆ ಎಂದೆ. ಮನೆಯ ಮೇಲೆ ಹೊರಿಸಿದ ಆ ಸುಳ್ಳಿಗೆ ಮನೆಯವರ ಕ್ಷಮೆ ಇರಲಿ.

ಸಂಜೆ ಹರ್ಷದಾ ಒಂದು ಬಟ್ಟಲು ಆಮಟಿ, ಅಂದರೆ ಅವರ ಬೇಳೆಸಾರು, ಹಿಡಿದು ಬಂದಳು. ಬೇಳೆ ಹದವಾಗಿ ಬೆಂದಿತ್ತು, ಒಂಚೂರೂ ತಳ ಹತ್ತಿರಲಿಲ್ಲ.

"ಕಾಕೂ, ನೀವು ಬರದಿದ್ದರೆ ಇವತ್ತು ಕುಕ್ಕರೇ ಹೋಗುತ್ತಿತ್ತು," ಎಂದಳು ಮರಾಠಿಯಲ್ಲಿ. ಆಮೇಲೆ ಸ್ವಲ್ಪ ಸಂಕೋಚದಿಂದ, "ದಿನಾ ಹತ್ತಕ್ಕೆ ನನಗೆ ಮೀಟಿಂಗ್ ಇರುತ್ತದೆ. ಮಂದಾರನಿಗೆ ಹೇಳಿದರೆ, ತಾನು ಬೇರೆ ಯೋಚನೆಯಲ್ಲಿದ್ದೆ ಎನ್ನುತ್ತಾನೆ. ನಾನು ಕುಕ್ಕರ್ ಇಟ್ಟು ಕೂತುಬಿಡುತ್ತೇನೆ, ನೀವು ಕಿವಿ ಕೊಟ್ಟಿದ್ದು ಒಂದು ಬೆಲ್ ಹೊಡೆದರೆ ಸಾಕು. ಹೇಗೂ ನೀವು ಮನೆಯಲ್ಲೇ ಇರುತ್ತೀರಲ್ಲ?"

"ಹೋ, ಘರೀಚ್ ಅಸತೇ," ಎಂದು ಪಂಢರಿನಾಥರು ನನ್ನ ಪರವಾಗಿ ಉದಾರವಾಗಿ ಒಪ್ಪಿದರು. ಮನೆಯಲ್ಲೇ ಇರ್ತಾಳೆ.

ನನಗೆ ಮೈಯೆಲ್ಲ ಉರಿಯಿತು. ಇವತ್ತು, ಇದೊಂದು ದಿನವಾದರೂ, ಆಗುವುದಿಲ್ಲ ಎಂಬ ಮಾತನ್ನು ಬಾಯಿಬಿಟ್ಟು ಹೇಳಿಯೇಬಿಡಬೇಕೆಂದು ಎದ್ದುನಿಂತೆ. ಹರ್ಷದಾಳ ಮುಖವನ್ನು ದಿಟ್ಟಿಸಿದೆ. ಬಾಯಿ ತೆರೆದೆ.

"ಬೇಳೆಗೆ ಮೂರು, ಸರಿ," ಎಂದೆ. "ಕಡಲೆ ನೆನೆಹಾಕಿದ ದಿನ ಎಷ್ಟು ಸೀಟಿ?"