ಬುಡ್ವಾವೋ ಕೊಟೋರೋ

ಸೆಟಿನ್ಯೆ ಊರಿನ ಬ್ಲಾಜೋನಿಗೆ ಆಯ್ಕೆ ಅಂದರೆ ಚಳಿಜ್ವರ. ಎರಡು ಬಾಗಿಲಿನ ಅಂಗಡಿಯೆದುರು ನಿಂತು, ಯಾವುದರಿಂದ ಒಳಗೆ ಹೋಗಲಿ ಎಂದು ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಅಂಗಡಿಯವನು ಮುದುಕನಾಗಿ, ಅವನ ಮಗ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದ. ಅಂಥವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಬೆಳಗ್ಗೆ, ಹೆಂಡತಿ ಸ್ತಾನಾ ಕಾಫಿ ಬಟ್ಟಲು ಮುಂದಿಡುತ್ತಲೇ ಹೇಳಿದಳು:

"ಇವತ್ತು ಸಮುದ್ರದ ಕಡೆ ಹೋಗೋಣ. ಬುಡ್ವಾ, ಇಲ್ಲಾ ಕೊಟೋರ್. ಆರಿಸೋನು ನೀನು."

"ಎರಡಕ್ಕೂ ಹೋದ್ರೆ?"

"ಎರಡೂ ಅಂದ್ರೆ ಆರಿಸಿದ ಹಾಗಾಗಲ್ಲ. ಒಂದು ಹೇಳು. ಇವತ್ತೂ ಹೇಳದೆ ಹೋದ್ರೆ, ಇನ್ಮೇಲೆ ಈ ಮನೇಲಿ ಗೋಡೆ ಬಣ್ಣದಿಂದ ಹಿಡಿದು ಮಗಳ ಮದುವೆವರೆಗೆ ನಿನ್ನನ್ನ ಒಂದು ಮಾತೂ ಕೇಳಲ್ಲ. ಹೋಗು, ಹೊರಗೆ ತಿರುಗಾಡ್ತಾ ಯೋಚನೆ ಮಾಡು. ಆತುರವೇನಿಲ್ಲ."

ಬ್ಲಾಜೋ ಹೊರಬಿದ್ದ. ಎರಡೂ ಊರಿಗೆ ಮುತ್ತಾತನ ಮುತ್ತಾತ ನೋಡಿದ ಕೋಟೆಗೋಡೆ, ಎರಡಕ್ಕೂ ಗೋಡೆಯ ಬುಡದಲ್ಲೇ ಕಡಲು, ಎರಡರಲ್ಲೂ ಕಾಫಿಗೆ ಒಂದೇ ಸುಲಿಗೆ. ಮನುಷ್ಯ ಯಾವ ಆಧಾರದ ಮೇಲೆ ಆರಿಸಬೇಕು?

ಚೌಕದ ಮರದ ಕೆಳಗೆ ಕೂಮ ಮಾಶಾನ್ ಕೂತಿದ್ದ. ಕೂಮನೆಂದರೆ ಮದುವೆಗೆ ಸಾಕ್ಷಿ ನಿಂತವನು, ಇಲ್ಲವೇ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದವನು; ಸಂಬಂಧ ಕೂಡಿದ ಮೇಲೆ ಎಲ್ಲರೂ ಒಬ್ಬರಿಗೊಬ್ಬರು ಕೂಮಂದಿರೇ. ನಮ್ಮಲ್ಲಿ ಒಡಹುಟ್ಟಿದವನ ಜೊತೆ ಮಾತು ಬಿಡಬಹುದು, ಬಿಷಪ್ಪನಿಗೆ ಬೆನ್ನು ತೋರಿಸಬಹುದು. ಕೂಮನಿಗೆ 'ಇಲ್ಲ' ಅನ್ನುವ ಹಾಗಿಲ್ಲ. ಅಂದವನ ಮನೆಯಲ್ಲಿ ಏಳು ತಲೆಮಾರು ಹಾಲು ಒಡೆಯುತ್ತದೆ.

"ಕೊಟೋರ್ ಬಿಟ್ಟು ಇನ್ನೇನಯ್ಯಾ!" ಎಂದ ಮಾಶಾನ್. "ಅಲ್ಲಿ ಗೋಡೆ ನೆಲದ ಮೇಲೆ ನಿಲ್ಲಲ್ಲ, ಬೆಟ್ಟ ಹತ್ತುತ್ತೆ. ನಮ್ಮಜ್ಜ ಅದರ ತುದೀಲಿ ನಿಂತು, ಇಟಲಿಯವರು ಮಧ್ಯಾಹ್ನಕ್ಕೆ ಏನು ಬೇಯಿಸಿದಾರೆ ಅಂತ ನೋಡ್ಕೊಂಡು ಬರ್ತಿದ್ದ."

"ಆಯ್ತು ಕೂಮಾ, ಕೊಟೋರ್."

ಹಗುರಾದ ಮನಸ್ಸಿನಿಂದ ಬೀದಿ ತಿರುಗಿದರೆ ಎದುರಿಗೇ ಪುನಿಶಾ. ಮಗಳಿಗೆ ದೀಕ್ಷಾಸ್ನಾನ ಮಾಡಿಸಿದ ಕೂಮ.

"ಕೊಟೋರಾ? ಸ್ತಾನಾ ಮಂಡಿ ಏನು ಕಬ್ಬಿಣದ್ದಾ? ಆ ಮೆಟ್ಟಿಲು ಹತ್ತಿದ ಜರ್ಮನಿಯವನೊಬ್ಬ ಮೊದಲು ಬೂಟು ಸವೆಸಿಕೊಂಡ, ಆಮೇಲೆ ಪಾದ. ಹೋಗುವಾಗ ನನ್ನಷ್ಟೆತ್ತರ ಇದ್ದೋನು, ಬರುವಾಗ ನನ್ನ ಸೊಂಟದಷ್ಟಿದ್ದ! ಬುಡ್ವಾಕ್ಕೆ ಹೋಗು. ಅಂಗೈಯಗಲದ ಊರು. ಗೋಡೆ ಮೇಲಿಂದ ಟೋಪಿ ಬಿದ್ರೆ ಮೀನು ಹಾಕ್ಕೊಂಡು ಹೋಗುತ್ತೆ, ಅಷ್ಟು ಹತ್ತಿರ ಸಮುದ್ರ."

"ಆಯ್ತು ಕೂಮಾ, ಬುಡ್ವಾ," ಅಂದ ಬ್ಲಾಜೋ. ಬೇರೆ ದಾರಿಯೇ ಇರಲಿಲ್ಲ.

ಎರಡೂ 'ಆಯ್ತು' ಮೂಲೆಮನೆಯ ಮೇಲಿನ ಕಿಟಕಿಯಲ್ಲಿ ಕೂತಿದ್ದ ವಿದ್ನಾಳ ಕಿವಿಗೆ ಬಿದ್ದವು. ವಿದ್ನಾಳ ಕಿವಿಗೆ ಬಿದ್ದದ್ದು ಗಾಳಿಗಿಂತ ಮುಂಚೆ ಊರು ಸುತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಎಡಸಾಲು ಕೊಟೋರ್ ಪಕ್ಷ, ಬಲಸಾಲು ಬುಡ್ವಾ ಪಕ್ಷ. ಗಂಡಸರು ಕುರ್ಚಿ ತಂದು ಹಾಕಿಕೊಂಡರು. ಬ್ಲಾಜೋ ತನ್ನ ಹಳೆಯ ಕಾರನ್ನು ಒರೆಸುವ ನೆಪದಲ್ಲಿ ಅದರ ಹಿಂದೆ ಅಡಗಿ ಕೂತ.

ಅಷ್ಟರಲ್ಲಿ ಮಾಶಾನ್ ದಾರಿಗೆಂದು ಹೊಗೆಯಾಡಿಸಿದ ಹಂದಿತೊಡೆ ಹೊತ್ತು ಬಂದ. ಅದೇ ಗಳಿಗೆಗೆ ಆ ಕಡೆಯಿಂದ ಪುನಿಶಾ ಚೀಸಿನ ಗಡ್ಡೆ ಹಿಡಿದು ಬಂದ.

"ನೋಡ್ರಪ್ಪಾ," ವಿದ್ನಾ ಮೇಲಿಂದ ಕೂಗಿದಳು, "ಇಬ್ಬರಿಗೂ ಆಯ್ತು ಅಂದವನು ಆ ಚಕ್ರದ ಹಿಂದೆ ಇದಾನೆ!"

ಮಾಶಾನ್ ನಿಧಾನವಾಗಿ ಟೋಪಿ ತೆಗೆದ.

"ಪುನಿಶಾ, ಕೂಮನ ಮಾತಿನ ಮೇಲೆ ನನ್ನ ಮಾತು ನಿಲ್ಲಬಾರದು. ಬುಡ್ವಾಕ್ಕೇ ಹೋಗ್ಲಿ."

"ಛೆ, ಛೆ! ನೀನು ಮದುವೆಗೆ ನಿಂತವನು. ಕೊಟೋರಿಗೆ ಹೋಗ್ಲಿ."

"ಬುಡ್ವಾ ಅಂದೆನಲ್ಲ!"

"ನನ್ನನ್ನ ಸಣ್ಣವನನ್ನಾಗಿ ಮಾಡ್ತೀಯಾ? ಕೊಟೋರ್!"

"ನನಗೇ ಮರ್ಯಾದೆ ಕಲಿಸ್ತೀಯಾ? ಬುಡ್ವಾ!"

ಮರ್ಯಾದೆ ಎಷ್ಟು ಕಾವೇರಿತೆಂದರೆ ತಂತಿಯ ಮೇಲಿನ ಪಾರಿವಾಳಗಳು ಅಲ್ಬೇನಿಯಾ ಕಡೆಗೆ ಹಾರಿಹೋದವು. ಕೊಟೋರ್ ಸಾಲಿನವರು ಬುಡ್ವಾ ಎಂದು ಕೂಗತೊಡಗಿದರು, ಬುಡ್ವಾ ಸಾಲಿನವರು ಕೊಟೋರ್ ಎಂದು; ಕೆಲವರು ತಾವು ಯಾರ ಕಡೆಯೆಂದು ಹೆಂಡತಿಯರನ್ನು ಕೇಳಿ ತಿಳಿದುಕೊಂಡರು. ಬಿಸಿಲು ಆಗಲೇ ಎದುರುಗೋಡೆಗೆ ದಾಟಿತ್ತು. ಇನ್ನು ಸ್ವಲ್ಪ ಹೊತ್ತು ಹೋದರೆ ಮಗಳ ಮದುವೆಯಲ್ಲಿ ತನ್ನನ್ನು ಊಟಕ್ಕೆ ಬಂದವರ ಸಾಲಿನಲ್ಲಿ ಕೂರಿಸುತ್ತಾರೆಂಬುದು ಬ್ಲಾಜೋನಿಗೆ ಹೊಳೆಯಿತು. ಎದ್ದ. ಕಾರಿನ ನೆತ್ತಿಗೆ ಗುದ್ದಿದ.

"ಕೊಟೋರ್!"

"ನಾನು ಹೇಳಿದ ಊರು!" ಎಂದು ಮಾಶಾನ್ ಅಪ್ಪಿಕೊಂಡ. "ನನ್ನ ಮಾತು!" ಎಂದು ಪುನಿಶಾ ಅಪ್ಪಿಕೊಂಡ. ಬ್ಲಾಜೋ ಲೊವ್‌ಚೆನ್ ಬೆಟ್ಟಕ್ಕಿಂತ ಒಂದು ಗೇಣು ಎತ್ತರವಾಗಿ ಮನೆಯೊಳಗೆ ನುಗ್ಗಿದ.

"ಸ್ತಾನಾ, ಚಪ್ಪಲಿ ಹಾಕ್ಕೋ! ಆರಿಸಿದೆ!"

ಸ್ತಾನಾ ಅರೆಮುಚ್ಚಿದ ಕಿಟಕಿಯ ಪಕ್ಕ, ತಣ್ಣೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ನಿಜವಾಗ್ಲೂ? ಇವತ್ತೇ?"

"ನಿನ್ನಾಣೆ! ಕೊಟೋರ್!"

ಅವಳ ಮುಖ ಬಾಡಿತು. "ಅಯ್ಯೋ ಬ್ಲಾಜೋ, ನನಗೆ ಯಾವ ಊರೂ ಬೇಕಿರಲಿಲ್ಲ. ಇಪ್ಪತ್ತೈದು ವರ್ಷಕ್ಕೆ ಒಂದು ದಿನ ಮನೇಲಿ ಒಬ್ಬಳೇ ಸುಮ್ನೆ ಕೂರೋ ಆಸೆಯಾಗಿತ್ತು. ಎರಡು ಊರು ಕೈಗೆ ಕೊಟ್ರೆ ಕತ್ತಲಾಗೋವರೆಗೂ ಬರಲ್ಲ ಅಂದ್ಕೊಂಡೆ. ನೀನು ಹೀಗೆ ಕೈಕೊಡ್ತೀಯ ಅಂತ ಯಾರಿಗೆ ಗೊತ್ತಿತ್ತು?"

"ಹಾಗಾದ್ರೆ ಹೋಗೋದು ಬೇಡ್ವಾ?"

"ಹೋಗದೆ? ಹುಟ್ಟಿದ ಮೇಲೆ ಮೊದಲ್ನೇ ಸಲ ತೀರ್ಮಾನ ಮಾಡಿದೀಯ, ಊರೆಲ್ಲಾ ಕೇಳಿಸ್ಕೊಂಡಿದೆ. ಮಾತು ನಡೆಸಲೇಬೇಕು. ಕೂಮಂದಿರು ಬಾಗಿಲಲ್ಲೇ ಇದಾರೆ, ಕರ್ಕೊಂಡು ಹೋಗು." ಹಣೆಗೊಂದು ಮುತ್ತು ಕೊಟ್ಟು, ಅವನನ್ನು ಹೊರಗೆ ಬಿಟ್ಟು, ಚಿಲಕ ಹಾಕಿಕೊಂಡಳು.

ಹೀಗೆ ಬ್ಲಾಜೋ ಹಿಂದಿನ ಸೀಟಿನಲ್ಲಿ ಇಬ್ಬರು ಕೂಮಂದಿರನ್ನೂ, ಪಕ್ಕದಲ್ಲಿ ಹೆಂಡತಿ ಕೂರಬೇಕಿದ್ದ ಜಾಗದಲ್ಲಿ ಹಂದಿತೊಡೆಯನ್ನೂ ಇಟ್ಟುಕೊಂಡು ಬೆಳ್ಳಿಹಬ್ಬದ ಪ್ರವಾಸಕ್ಕೆ ಹೊರಟ. ಊರಾಚೆ ರಸ್ತೆ ಕವಲೊಡೆಯುವಲ್ಲಿ ಮಾಶಾನ್ ಅವನ ಭುಜ ತಟ್ಟಿದ.

"ಕೂಮಾ, ಕೊಟೋರಿಗೆ ಬೆಟ್ಟದ ಹಳೇ ತಿರುವುಗಳಲ್ಲಿ ಇಳಿಯೋಣವಾ, ಇಲ್ಲಾ ಬುಡ್ವಾ ಮೇಲೆ ಹೋಗೋಣವಾ? ನಮ್ಮದೇನಿಲ್ಲಪ್ಪ, ನೀನು ಹೇಳಿದ ಹಾಗೆ."

ಬ್ಲಾಜೋ ಕಾರನ್ನು ರಸ್ತೆಯ ಅಂಚಿಗೆ ತಂದು, ಎಂಜಿನ್ ಆರಿಸಿದ.