ಕೈ ಕೂಡಿದ ಮೇಲೆ ಮಂಜೂರಾದ ರಜೆ

ಮಕ್ಕಳ ವ್ಯಾಯಾಮ ಕೇಂದ್ರದ ಸದಸ್ಯತ್ವ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು, ತಮ್ಮ ಸಿಬ್ಬಂದಿ, ಮತ್ತು ತಮ್ಮ ಫೋನಿನಲ್ಲಿ 'ದಯವಿಟ್ಟು ಕಾಯಿರಿ' ಎನ್ನುವ ಆ ದಣಿವರಿಯದ ಹೆಣ್ಣುಮಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕನ್ನಡಕ ರಿಪೇರಿಯಿಂದ ಹೊಟ್ಟೆ ಹೊರೆಯುವ ನಾನು, ಶನಿವಾರದ ತರಗತಿಯಲ್ಲಿ ನೆಗೆಯಲು ಬರುವ ಆರು ವರ್ಷದ ಗುಬ್ಬಿಯ ಅಪ್ಪ.

ತಮ್ಮ ಚಾಪೆಗಳ ಮೇಲೆ ವರ್ಷವಿಡೀ ಲಾಗ ಹಾಕಿಯೂ ಒಂದು ಗೀರು ಮಾಡಿಕೊಳ್ಳದ ಗುಬ್ಬಿ, ಮನೆಯ ಸೋಫಾದಿಂದ ಸಭ್ಯವಾಗಿ ಇಳಿಯಹೋಗಿ ಎಡಗೈ ಮುರಿದುಕೊಂಡಳು. "ಆರು ವಾರ ಕುಣಿಯೋ ಹಾಗಿಲ್ಲ, ಪುಟ್ಟಾ" ಎಂದರು ಪ್ಲಾಸ್ಟರ್ ಹಾಕಿದ ಡಾಕ್ಟರಮ್ಮ. ಅಲ್ಲಿಯವರೆಗೆ ಹಲ್ಲುಕಚ್ಚಿ ಕುಳಿತಿದ್ದವಳು ಆಗ ಅತ್ತಳು. ರಜೆ ಪಡೆಯದೆ ಮೂರು ವಾರ ತಪ್ಪಿಸಿದವರ ಜಾಗ ಬೇರೆಯವರ ಪಾಲಾಗುತ್ತದೆಂಬ ತಮ್ಮ ನಿಯಮ ಅವಳಿಗೆ ಬಾಯಿಪಾಠವಾಗಿತ್ತು.

ಅಂದೇ ರಜೆಯ ಅರ್ಜಿ ಹಾಕಿದೆ. ಸದಸ್ಯರೇ ಸಹಿ ಮಾಡಬೇಕೆಂದು ಅದು ಹಿಂದಿರುಗಿತು. ಸದಸ್ಯೆ ಎಡಚಿ, ಸಹಿ ಮಾಡುವ ಕೈಯೇ ಪ್ಲಾಸ್ಟರಿನೊಳಗಿತ್ತು. ಬಲಗೈಯಲ್ಲಿ ಗೀಚಿಸಿ ಕಳುಹಿಸಿದರೆ, ಹಳೆಯ ಸಹಿಗೆ ಹೊಂದುವುದಿಲ್ಲವೆಂದು ಮತ್ತೆ ಹಿಂದಿರುಗಿತು. ಫೋನು ಮಾಡಿದಾಗ ತಮ್ಮ ಸಿಬ್ಬಂದಿಯೊಬ್ಬರು, "ಸಾರ್, ಮಗು ಬರೋಕಾಗಲ್ಲ ಅನ್ನೋದನ್ನ ಮಗೂನೇ ಬಂದು ಹೇಳಬೇಕು" ಎಂದು ವೇದಾಂತದ ಮಟ್ಟಕ್ಕೆ ಏರಿದರು. ಅದಾದ ಮೇಲೆ ನಾನು ಎಷ್ಟು ಕಾದೆನೆಂದರೆ, ತಮ್ಮ ಫೋನಿನ ಸಂಗೀತ ನನ್ನ ತಾಯಿಗೆ ಕಂಠಸ್ಥವಾಗಿ, ಈಗ ತರಕಾರಿ ಹೆಚ್ಚುವಾಗ ಅವರು ಅದನ್ನೇ ಗುನುಗುತ್ತಾರೆ. ಕೊನೆಗೆ ಗುಬ್ಬಿಯನ್ನೇ ಕರೆತಂದು, ಪ್ಲಾಸ್ಟರ್ ಸಮೇತ ತಮ್ಮ ಕೌಂಟರಿನ ಮೇಲೆ ಕೂರಿಸಿ, "ನಾನು ಬರಲ್ಲ" ಎಂದು ಹೇಳಿಸಿದೆ. ಪರಿಶೀಲಿಸುತ್ತೇವೆ ಎಂದಿರಿ.

ಪರಿಶೀಲನೆ ಸಾಗುತ್ತಿರುವಾಗಲೇ ಮೂಳೆ ತನ್ನಷ್ಟಕ್ಕೆ ತಾನು ಕೂಡಿಕೊಂಡುಬಿಟ್ಟಿತು. ಕೈ ಊರದಿದ್ದರೆ ನೆಗೆಯಬಹುದೆಂದು ಡಾಕ್ಟರಮ್ಮ ಒಪ್ಪಿದ್ದೇ ತಡ, ಶನಿವಾರ ಗುಬ್ಬಿ ನನಗಿಂತ ಹತ್ತು ಹೆಜ್ಜೆ ಮುಂದೆ ಓಡಿ ತಮ್ಮ ಗಾಜಿನ ಬಾಗಿಲಿಗೆ ಕಾರ್ಡು ತೋರಿಸಿದಳು. ಕೆಂಪು ದೀಪ ಹತ್ತಿತು. ಕೌಂಟರಿನ ಹುಡುಗಿ ಪರದೆ ನೋಡಿ, ಪಾಪ, ತಾನೇ ತಪ್ಪು ಮಾಡಿದವಳಂತೆ ಹೇಳಿದಳು: "ರಜೆ ಮಂಜೂರಾಗಿದೆ ಸಾರ್, ಇವತ್ತಿಂದ ಆರು ವಾರ. ರಜೇಲಿರೋರನ್ನ ಒಳಗೆ ಬಿಡೋ ಹಾಗಿಲ್ಲ."

ಗುಬ್ಬಿ ಎರಡೂ ಕೈಗಳನ್ನು ಗಾಜಿಗೆ ಒತ್ತಿ ತೋರಿಸಿದಳು. ನನ್ನ ಬಾಯಲ್ಲಿ ಬರಬಾರದ ಮಾತೊಂದು ಬರುವುದರಲ್ಲಿತ್ತು.

ಅಷ್ಟರಲ್ಲಿ, ಮಕ್ಕಳು ಸೀಟಿ ಅಕ್ಕ ಎಂದು ಕರೆಯುವ ತಮ್ಮ ತರಬೇತುದಾರ್ತಿ ಹೊರಬಂದು ವಿಷಯ ಕೇಳಿದರು. "ಇವಳು ಒಳಗೆ ಬರಬಾರದು, ಅಷ್ಟೇ ತಾನೆ? ನಾವು ಹೊರಗೆ ಹೋಗಬಾರದು ಅಂತ ಎಲ್ಲೂ ಬರೆದಿಲ್ವಲ್ಲ?" ಎಂದವರೇ ಸೀಟಿ ಊದಿದರು. ಒಂಬತ್ತು ಮಕ್ಕಳು ಚಾಪೆಗಳನ್ನು ಇರುವೆಗಳಂತೆ ತಲೆಯ ಮೇಲೆ ಹೊತ್ತು ಫುಟ್‌ಪಾತಿಗೆ ಬಂದವು. ಪಕ್ಕದ ಕ್ಷೌರದಂಗಡಿಯ ಗಿರಾಕಿ ಅರ್ಧ ಕೆನ್ನೆಯ ನೊರೆಯೊಂದಿಗೆ ಬಾಗಿಲಿಗೆ ಬಂದು ನಿಂತ. ನೆಗೆದು ದಾಟಲೆಂದು ಚಾಪೆಗಳ ಮೇಲೆ ಅಡ್ಡಲಾಗಿ ಹಿಡಿದ ಹಗ್ಗದ ಮುಂದೆ ಗುಬ್ಬಿ ಅಳುಕಿದಳು. ಎಡಗೈಯನ್ನು ಎದೆಗೆ ಅವುಚಿಕೊಂಡಳು. ಸೀಟಿ ಅಕ್ಕ ಆಚೆ ಬದಿಯಲ್ಲಿ ಮಂಡಿಯೂರಿ ಕುಳಿತು ಸುಮ್ಮನೆ ಕಾದರು. ಮಾನ್ಯರೇ, ಕಾಯುವುದರಲ್ಲೂ ಎಷ್ಟೊಂದು ಬಗೆಯಿದೆ ಎಂದು ನನಗೆ ಅಂದು ಗೊತ್ತಾಯಿತು. ಗುಬ್ಬಿ ನೆಗೆದಳು.

ಆದ್ದರಿಂದ ನನ್ನ ವಿನಮ್ರ ಕೋರಿಕೆ: ಮುಂದೆ ಸದಸ್ಯರ ಮೂಳೆಗಳು ಕಚೇರಿಯ ಅನುಮತಿಯಿಲ್ಲದೆ ಕೂಡಿಕೊಳ್ಳದಂತೆ ಸುತ್ತೋಲೆ ಹೊರಡಿಸಬೇಕು. ಮುಂದಿನ ವರ್ಷ ಬೀಳಲು ಅನುಕೂಲವಾದ ದಿನಾಂಕವನ್ನು ಈಗಲೇ ತಿಳಿಸಿದರೆ, ಗುಬ್ಬಿ ಅಂದೇ ಸೋಫಾ ಹತ್ತುತ್ತಾಳೆ. ಸೀಟಿ ಅಕ್ಕನಿಗೆ ನೋಟಿಸು ಕೊಡುವ ಯೋಚನೆಯಿದ್ದರೆ ದಯವಿಟ್ಟು ತಮ್ಮ ವಿಭಾಗದ ಮೂಲಕವೇ ಕಳುಹಿಸಿ. ಅದು ತಲುಪುವ ಹೊತ್ತಿಗೆ ಅವರು ನಿವೃತ್ತರಾಗಿರುತ್ತಾರೆ.

ತಮ್ಮ ಫೋನಿನ ಸರದಿಯಲ್ಲಿ ಇನ್ನೂ ಹದಿನಾಲ್ಕನೆಯವನಾಗಿರುವ,
ತಮ್ಮ ವಿಶ್ವಾಸಿ,
ಗುಬ್ಬಿಯ ಅಪ್ಪ

ತಾ.ಕ.: ಈ ಪತ್ರವನ್ನು ಮೊದಲು ತಮ್ಮ ದೂರು ವಿಭಾಗಕ್ಕೇ ಕಳುಹಿಸಿದ್ದೆ. 'ತಮ್ಮ ಮೆಚ್ಚುಗೆಯ ಮಾತುಗಳಿಗೆ ಕೃತಜ್ಞರು' ಎಂಬ ಉತ್ತರ ಎರಡೇ ಕ್ಷಣದಲ್ಲಿ ಬಂತು. ಇಷ್ಟು ಚುರುಕಾದವರು ತಮ್ಮಲ್ಲೂ ಒಬ್ಬರಿದ್ದಾರೆಂದು ತಿಳಿದು ಸಂತೋಷವಾಯಿತು. ಅವರಿಗೆ ಯಾರಾದರೂ ಓದು ಕಲಿಸಿದರೆ ಇನ್ನೂ ಸಂತೋಷ.