ಸೋತಿತು ಎಂದಿರುವಲ್ಲೆಲ್ಲ

ಪ್ರಾಂತ್ಯದ ಕ್ರಿಕೆಟ್ ತಂಡವು ದೇಶೀಯ ಟೂರ್ನಿಗೆ ಕಾಲಿಟ್ಟು ಅರವತ್ತು ವರ್ಷಗಳಾದವು. ವರ್ಷಕ್ಕೆ ನಾಲ್ಕು ಪಂದ್ಯಗಳಂತೆ, ಅರವತ್ತನೆಯ ವರ್ಷದ ಕೊನೆಯ ಪಂದ್ಯವೊಂದನ್ನು ಬಿಟ್ಟು, ಅದು ಆಡಿದ್ದು ಇನ್ನೂರ ಮೂವತ್ತೊಂಬತ್ತು. ಇವುಗಳಲ್ಲಿ ಇನ್ನೂರ ಮೂವತ್ತೆರಡನ್ನು ಸೋತಿತು. ಉಳಿದ ಏಳು ಪಂದ್ಯಗಳು ಮಳೆಯಿಂದಾಗಿ ಡ್ರಾ ಆದವು. ವಾರ್ಷಿಕ ವರದಿಗಳಲ್ಲಿ ಇವು 'ಸಾಧನೆಗಳು' ಎಂಬ ತಲೆಬರಹದಡಿ ಬರುತ್ತವೆ. ಗೆದ್ದ ಪಂದ್ಯಗಳ ಕಲಂ ಖಾಲಿ ಇತ್ತು. ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

ತೊಂದರೆ ಆಗದಂತೆ ಸಂಸ್ಥೆಯೇ ನೋಡಿಕೊಂಡಿತ್ತು. ಪಂದ್ಯ ನಾಲ್ಕು ದಿನದ್ದಾದರೂ ಮೈದಾನವನ್ನು ಕಾದಿರಿಸುತ್ತಿದ್ದುದು ಮೂರೇ ದಿನಕ್ಕೆ. ನಾಲ್ಕನೆಯ ದಿನ ಅಲ್ಲಿ ವಾಹನ ಚಾಲನಾ ಪರೀಕ್ಷೆ ನಡೆಯುತ್ತಿತ್ತು. ಸಂಸ್ಥೆಯ ಕಟ್ಟಡದಲ್ಲಿ ತಂಡಕ್ಕೆ ಒಂದು ಕೋಣೆ, ಸೋಲಿನ ಕಾರಣ ಪರಿಶೀಲನಾ ಸಮಿತಿಗೆ ಎರಡು ಕೋಣೆ. ಸಮಿತಿಯಲ್ಲಿ ಹದಿಮೂರು ಜನರಿದ್ದರು. ಪ್ರತಿ ಪಂದ್ಯದ ನಂತರ ಅವರು ಸಭೆ ಸೇರಿ ಗಾಳಿ, ಬೆಳಕು, ಅಂಪೈರು ಎಂಬ ಮೂರು ಕಾರಣಗಳಲ್ಲಿ ಸರದಿಯಂತೆ ಒಂದನ್ನು ಸರ್ವಾನುಮತದಿಂದ ಆರಿಸುತ್ತಿದ್ದರು. ಒಮ್ಮೆ ಹೊಸ ಸದಸ್ಯರೊಬ್ಬರು 'ನಮ್ಮವರು ಚೆನ್ನಾಗಿ ಆಡಲಿಲ್ಲ' ಎಂಬ ನಾಲ್ಕನೆಯ ಕಾರಣವನ್ನು ಸೂಚಿಸಿದಾಗ, ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು.

ಈ ಸೋಲುಗಳಲ್ಲಿ ನೂರ ಮೂವತ್ತೆಂಟನ್ನು ತಮ್ಮ ಕೈಯಾರೆ ಬರೆದವರು ಚುಕ್ಕಿ ಮಾಸ್ತರರು. ಅವರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತ, ಪಂದ್ಯಗಳಿದ್ದಾಗ ತಂಡದ ಸ್ಕೋರರ್ ಆಗಿ ಮೂವತ್ತಾರು ವರ್ಷ ಕಳೆದವರು. ರನ್ ಬಾರದ ಚೆಂಡಿಗೆ ಪುಸ್ತಕದಲ್ಲಿ ಚುಕ್ಕಿ ಇಡುವುದು ಪದ್ಧತಿ. ನಮ್ಮವರ ಬ್ಯಾಟಿಂಗ್ ಪುಟಗಳೆಲ್ಲ ಚುಕ್ಕಿಯಿಂದಲೇ ತುಂಬಿರುತ್ತಿದ್ದ ಕಾರಣ ಆ ಹೆಸರು ಬಂತು. ಎಸೆಯದ ಚೆಂಡನ್ನು ಅವರು ಜನ್ಮದಲ್ಲಿ ಬರೆದವರಲ್ಲ. ಪಕ್ಕದಲ್ಲಿ ಕೂತ ಎದುರು ತಂಡದ ಸ್ಕೋರರ್ ಜೊತೆ ಓವರಿಗೊಮ್ಮೆ ತಾಳೆ ನೋಡಿ, ಒಂದು ಲೆಗ್ ಬೈ ಹೆಚ್ಚುಕಡಿಮೆಯಾದರೂ ನೀರು ಕುಡಿಯುತ್ತಿರಲಿಲ್ಲ.

ಫಲಿತಾಂಶದ ಸಾಲಿನಲ್ಲಿ ಸೋಲನ್ನು ನೀಲಿಯಲ್ಲೂ ಗೆಲುವನ್ನು ಹಸಿರಿನಲ್ಲೂ ಬರೆಯತಕ್ಕದ್ದು ಎಂದು ಸ್ಕೋರ್ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಿದೆ. ಇದನ್ನು ಕೇಳಿದ ಮಾಸ್ತರರ ಹೆಂಡತಿ ಮೊದಲ ವರ್ಷವೇ ಒಂದು ಹಸಿರು ಪೆನ್ನು ತಂದುಕೊಟ್ಟಿದ್ದರು. ಮೊದಮೊದಲು ವರ್ಷಕ್ಕೊಮ್ಮೆ ಅದರ ರೀಫಿಲ್ ಬದಲಿಸುತ್ತಿದ್ದರು. ಆಮೇಲೆ ಮೂರು ವರ್ಷಕ್ಕೊಮ್ಮೆಯಾಯಿತು. ಈಚೆಗೆ ಗಂಡಹೆಂಡಿರಿಬ್ಬರೂ ಆ ಪೆನ್ನಿನ ಮಾತೆತ್ತುತ್ತಿರಲಿಲ್ಲ. ಆದರೂ ಅದು ಜೇಬಿನಲ್ಲಿರುತ್ತಿತ್ತು. ಈ ಕೊನೆಯ ಪಂದ್ಯ ಮುಗಿದರೆ ಮಾಸ್ತರರು ನಿವೃತ್ತರು. ಅದಕ್ಕೆ ಮುಂಚೆ ಒಮ್ಮೆ, ಒಂದೇ ಒಂದು ಸಲ, ಆ ಸಾಲಿನಲ್ಲಿ ಗೆದ್ದಿತು ಎಂದು ಬರೆಯಬೇಕೆಂಬ ಆಸೆ ಅವರಿಗಿತ್ತು. ಆಸೆಯನ್ನು ಯಾರಿಗೂ ಹೇಳಿರಲಿಲ್ಲ, ನಗುತ್ತಾರೆಂದು.

ಅರವತ್ತು ತುಂಬಿದ ಸಂಭ್ರಮಕ್ಕೆ ಸಂಸ್ಥೆಯು ತಂಡದ ಚರಿತ್ರೆಯನ್ನು ಬರೆಯಲು ಮಾಸ್ತರರಿಗೇ ಒಪ್ಪಿಸಿತು. ಪುಸ್ತಕಕ್ಕೆ 'ಏಳುಬೀಳು' ಎಂದು ಹೆಸರಿಟ್ಟರು. ಬೀಳುವುದು ಸರಿ, ಇದರಲ್ಲಿ ಏಳು ಎಲ್ಲಿದೆ ಎಂದು ಒಬ್ಬ ಸದಸ್ಯರು ಆಕ್ಷೇಪವೆತ್ತಿದರು. ಡ್ರಾಗಳು ಏಳು ಇವೆಯಲ್ಲ ಎಂದು ಕಾರ್ಯದರ್ಶಿಗಳು ಸಮಜಾಯಿಷಿ ಕೊಟ್ಟ ಮೇಲೆ ಹೆಸರು ಅಂಗೀಕಾರವಾಯಿತು.

ಕೊನೆಯ ಪಂದ್ಯಕ್ಕೆ ಇಪ್ಪತ್ತು ದಿನ ಇರುವಾಗ ಕಾರ್ಯದರ್ಶಿಗಳು ಮಾಸ್ತರರನ್ನು ಕರೆಸಿದರು.

"ಮಾಸ್ತರ್ರೇ, ಕೊನೇ ಪಂದ್ಯದ ಅಧ್ಯಾಯ ಎಲ್ಲಿ? ಪ್ರೆಸ್‌ನವರು ಪ್ರಾಣ ತಿಂತಿದಾರೆ."

"ಪಂದ್ಯ ಇನ್ನೂ ಆಡಿಲ್ಲವಲ್ಲ ಸಾರ್."

"ಆಡೋದು ಅವರು. ಬರೆಯೋದು ನೀವು. ಅವರ ಕೆಲಸಕ್ಕೆ ನಿಮ್ಮ ಕೆಲಸ ಯಾಕ್ರೀ ನಿಲ್ಬೇಕು? ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೈದಾನದಲ್ಲೇ ಬಿಡುಗಡೆ. ಮುಖ್ಯ ಅತಿಥಿಗಳು ಒಪ್ಪಿ ಆಗಿದೆ."

"ಅಕಸ್ಮಾತ್ ಏನಾದ್ರೂ ಬೇರೆ ಆದರೆ?"

ಕಾರ್ಯದರ್ಶಿಗಳು ಮಾಸ್ತರರ ಮುಖವನ್ನು ಮರುಕದಿಂದ ನೋಡಿದರು. "ಅರವತ್ತು ವರ್ಷ ಆಗದ್ದು ಈಗ ಆಗುತ್ತಾ? ಒಂದು ಮರ್ಯಾದಸ್ಥ ಸೋಲು ಬರ್ಕೊಡಿ. ಇನಿಂಗ್ಸ್ ಸೋಲು ಬೇಡ, ಅತಿಥಿಗಳ ಎದುರು ಚೆನ್ನಾಗಿರಲ್ಲ."

ಮಾಸ್ತರರು ಮನೆಗೆ ಬಂದು ಎರಡು ದಿನ ಮಂಕಾಗಿ ಕೂತರು. ಮೂರನೆಯ ದಿನ ಆಡದ ಪಂದ್ಯವನ್ನು ಬರೆದರು. ಪುಟ 212ರಲ್ಲಿ ತಂಡವು ಎಂಬತ್ತೇಳು ರನ್‌ಗಳಿಂದ ತಲೆಯೆತ್ತಿಕೊಂಡೇ ಸೋತಿತು. ಬರೆಯುವಾಗ ಮನಸ್ಸು ತಡೆಯದೆ ನಾಯಕನಿಗೆ ನಲವತ್ತೊಂದು ರನ್ ಕೊಟ್ಟು, ಮಿಡ್-ಆಫ್‌ನಲ್ಲಿ ಕ್ಯಾಚ್ ಕೊಡಿಸಿದರು. ನಾಯಕನ ಜೀವಮಾನದ ಹೆಚ್ಚಿನ ಗಳಿಕೆ ನಲವತ್ತು ಇತ್ತು. ಒಂದು ರನ್ ಹೆಚ್ಚಿಗೆ ಇರಲಿ ಎಂದುಕೊಂಡರು.

ಈ ನಾಯಕನನ್ನು ಎಲ್ಲರೂ ಗೂಟ ಎಂದು ಕರೆಯುತ್ತಿದ್ದರು. ಕ್ರೀಸಿನಲ್ಲಿ ಗೂಟದ ಹಾಗೆ ನಿಲ್ಲುತ್ತಾನೆ, ರನ್ ಮಾತ್ರ ಹೊಡೆಯುವುದಿಲ್ಲ ಎಂಬುದು ಅದರ ಅರ್ಥ. ಅವನಿಗೂ ಇದೇ ಕೊನೆಯ ಪಂದ್ಯ.

ಪಂದ್ಯದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ, ಮೂರನೆಯ ದಿನ ಸಂಜೆಯಾದರೂ ಅದು ಮುಗಿಯಲಿಲ್ಲ ಎಂಬುದೊಂದನ್ನು ಬಿಟ್ಟು. ಗೆಲ್ಲಲು ನೂರ ಎಂಬತ್ತಮೂರು ಬೇಕಿತ್ತು. ಆರು ವಿಕೆಟ್ ಹೋಗಿ ನೂರ ಇಪ್ಪತ್ತೊಂದಾಗಿತ್ತು, ಗೂಟ ಮೂವತ್ತಮೂರರಲ್ಲಿ ನಿಂತಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಚಾಲನಾ ಪರೀಕ್ಷೆಗೆ ಬಂದವರು ತಮ್ಮ ಕಾರುಗಳನ್ನು ಬೌಂಡರಿ ಗೆರೆಯಾಚೆ ಸಾಲಾಗಿ ನಿಲ್ಲಿಸಿಕೊಂಡು, ಇವರು ಯಾವಾಗ ಜಾಗ ಬಿಡುತ್ತಾರೆಂದು ಕಾಯತೊಡಗಿದರು. ಒಂದು ಬದಿಯಲ್ಲಿ ಪುಸ್ತಕ ಬಿಡುಗಡೆಯ ಶಾಮಿಯಾನ ಎದ್ದಿತ್ತು.

ಮೊದಲ ಪಾನೀಯ ವಿರಾಮದ ಹೊತ್ತಿಗೆ ಇನ್ನೊಂದು ವಿಕೆಟ್ ಬಿತ್ತು. ಸ್ಕೋರು ನೂರ ಮೂವತ್ತೊಂಬತ್ತಾಯಿತು. ಕಾರ್ಯದರ್ಶಿಗಳು ಸ್ಕೋರರ್‌ಗಳ ಮೇಜಿಗೆ ಬಂದರು.

"ಗೂಟ ಎಷ್ಟರಲ್ಲಿದ್ದಾನ್ರೀ?"

"ನಲವತ್ತೊಂದು ಸಾರ್."

ಕಾರ್ಯದರ್ಶಿಗಳ ಮುಖ ಅರಳಿತು. "ಸರಿಯಾಗಿದೆ ಹಾಗಾದ್ರೆ. ಈಗ ಔಟಾಗ್ಬೇಕು." ಅವರು ಪುಸ್ತಕದ ಒಂದು ಪ್ರತಿಯನ್ನು ಪುಟ ಮಡಚಿ ಹನ್ನೆರಡನೆಯ ಆಟಗಾರನ ಕೈಯಲ್ಲಿ ಕೊಟ್ಟು, ನೀರಿನ ಬಾಟಲಿಗಳ ಜೊತೆ ಕಳಿಸಿದರು.

ಹನ್ನೆರಡನೆಯವನು ಹಿಂದಿರುಗಿ ವರದಿ ಮಾಡಿದ: "ಓದಿದ ಸಾರ್. ನಾನು ಮಿಡ್-ಆಫ್ ಕಡೆ ಹೊಡೆಯೋದೇ ಇಲ್ಲ, ಮಾಸ್ತರಿಗೆ ಗೊತ್ತಿರ್ಬೇಕಿತ್ತು ಅಂದ. ಆಮೇಲೆ, ಔಟಾಗ್ಬೇಕಂದ್ರೆ ಬರಹದಲ್ಲಿ ಕೊಡಿ ಅಂದ."

ಮಾಸ್ತರರು ತಲೆ ತಗ್ಗಿಸಿದರು. ಹೌದು, ಗೂಟ ಹತ್ತು ವರ್ಷದಲ್ಲಿ ಒಮ್ಮೆಯೂ ಮಿಡ್-ಆಫ್‌ಗೆ ಕ್ಯಾಚ್ ಕೊಟ್ಟಿರಲಿಲ್ಲ. ಆಡದ ಪಂದ್ಯವನ್ನು ಬರೆದ ಪಾಪಕ್ಕಿಂತ ಈ ಸಣ್ಣ ತಪ್ಪೇ ಅವರನ್ನು ಹೆಚ್ಚು ಚುಚ್ಚಿತು.

ಬರಹ ಸಿದ್ಧವಾಯಿತು. 'ವಿಷಯ: ತಾವು ಮಿಡ್-ಆಫ್‌ನಲ್ಲಿ ಕ್ಯಾಚ್ ನೀಡಿ ನಿರ್ಗಮಿಸುವ ಬಗ್ಗೆ. ಉಲ್ಲೇಖ: ಏಳುಬೀಳು, ಪುಟ 212, ಪ್ಯಾರಾ 3. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಉಲ್ಲೇಖಿತ ರನ್‌ಗಳನ್ನು ಈಗಾಗಲೇ ಗಳಿಸಿದ್ದು, ಮುಂದಿನ ಕ್ರಮವನ್ನು ತುರ್ತಾಗಿ ಕೈಗೊಳ್ಳತಕ್ಕದ್ದು.' ಗ್ಲೌಸ್ ಬದಲಿಸುವ ನೆಪದಲ್ಲಿ ಇದನ್ನು ಕಳಿಸಲಾಯಿತು. ಮೊಹರು ಇಲ್ಲವೆಂದು ಗೂಟ ವಾಪಸು ಕಳಿಸಿದ. ಮೊಹರು ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಸೋಲಿನ ಕಾರಣ ಪರಿಶೀಲನಾ ಸಮಿತಿಯ ಅಧ್ಯಕ್ಷರಲ್ಲಿತ್ತು. ಸಮಿತಿಯು ಆಗಲೇ ಸಭೆ ಸೇರಿ, ಸರದಿಯಂತೆ ಗಾಳಿಯ ಮೇಲೆ ಚರ್ಚೆ ಆರಂಭಿಸಿತ್ತು. ಅಧ್ಯಕ್ಷರು ನಡುವೆ ಎದ್ದು ಬಂದರೆ ಕೋರಂ ಕೊರತೆಯಾಗುತ್ತಿತ್ತು. ಮೊಹರು ಬಿದ್ದ ಪತ್ರ ಎರಡನೆಯ ಸಲ ಹೋದಾಗ, ಆಟಗಾರರಿಗೆ ಬರುವ ಪತ್ರಗಳು ತಂಡದ ಮ್ಯಾನೇಜರ್ ಮುಖಾಂತರ ಬರತಕ್ಕದ್ದು ಎಂಬ ನಿಯಮವನ್ನು ಗೂಟ ನೆನಪಿಸಿದ. ಈ ಓಡಾಟದಲ್ಲಿ ಅವನು ಐದು ಜೊತೆ ಗ್ಲೌಸ್ ಬದಲಿಸಿ, ಅರವತ್ತೆರಡು ರನ್ ಮುಟ್ಟಿದ.

ಹನ್ನೊಂದಕ್ಕೆ ಸರಿಯಾಗಿ ಬಂದ ಮುಖ್ಯ ಅತಿಥಿಗಳು, ಪಂದ್ಯ ಮುಗಿದಿಲ್ಲವೇ ಎಂದು ಕೇಳಿದರು.

"ಇನ್ನೂ ಸೋಲ್ತಾ ಇದೀವಿ ಸಾರ್," ಎಂದರು ಕಾರ್ಯದರ್ಶಿಗಳು ಕೈ ಹೊಸೆಯುತ್ತ. "ಇವತ್ತು ಸ್ವಲ್ಪ ತಡವಾಗ್ತಿದೆ."

ಮ್ಯಾನೇಜರ್ ಮುಖಾಂತರದ ಪತ್ರವನ್ನು ಹಿಡಿದು ಹನ್ನೆರಡನೆಯವನು ಗೆರೆ ದಾಟುವುದಕ್ಕೂ ಗೂಟನ ಬ್ಯಾಟಿನಿಂದ ಚೆಂಡು ಹೊರಟು ಸಾಲಿನಲ್ಲಿದ್ದ ಕಲಿಕೆಯವರ ಕಾರಿನ ಬಾನೆಟ್ಟಿಗೆ ಬಡಿಯುವುದಕ್ಕೂ ಸರಿಹೋಯಿತು. ನೂರ ಎಂಬತ್ತಮೂರು. ಗೂಟ ಔಟಾಗದೆ ಎಪ್ಪತ್ತು.

ಏನು ಮಾಡಬೇಕೆಂದು ತಿಳಿಯದೆ ನಮ್ಮವರು ಅಭ್ಯಾಸಬಲದಿಂದ ಎದುರಾಳಿಗಳ ಕೈ ಕುಲುಕಿ ಅಭಿನಂದನೆ ಹೇಳಿದರು. ಆಮೇಲೆ ಬಾನೆಟ್ಟು ನೆಗ್ಗಿದ ಕಾರಿನವನು ಹಾರ್ನ್ ಒತ್ತಿದ. ಸಿಟ್ಟಿಗೋ ಖುಷಿಗೋ ಗೊತ್ತಾಗಲಿಲ್ಲ. ಸಾಲಿನಲ್ಲಿದ್ದ ಹದಿನಾರೂ ಕಾರುಗಳು ಹಾರ್ನ್ ಒತ್ತಿದವು.

ಚುಕ್ಕಿ ಮಾಸ್ತರರು ಜೇಬಿನಿಂದ ಹಸಿರು ಪೆನ್ನು ತೆಗೆದರು. ಫಲಿತಾಂಶದ ಸಾಲಿನಲ್ಲಿ ಪೆನ್ನಿಟ್ಟು ಎಳೆದರೆ ಮಸಿ ಬರಲಿಲ್ಲ. ಬಾಯಿಂದ ಊದಿದರು, ಅಂಗೈಗೆ ಉಜ್ಜಿದರು, ಮೊನೆಯನ್ನು ಬಾಟಲಿಯ ನೀರಿಗೆ ಅದ್ದಿದರು. ಊಹೂಂ. ಕಣ್ಣಲ್ಲಿ ನೀರು ತುಂಬಿಬಿಟ್ಟಿತು. ಪಕ್ಕದಲ್ಲಿದ್ದ ಎದುರು ತಂಡದ ಸ್ಕೋರರ್, ಮಗಳ ವಯಸ್ಸಿನ ಹೆಣ್ಣುಮಗಳು, ತನ್ನ ಪೆನ್ಸಿಲ್ ಮುಂದಿಟ್ಟಳು.

"ಇದರಲ್ಲಿ ಬರೀರಿ ಸಾರ್. ಆಮೇಲೆ ತಿದ್ದಿಕೊಂಡ್ರಾಯ್ತು. ಮೂರು ವಿಕೆಟ್ ತಾನೇ? ನನ್ನದೂ ತಾಳೆ ಆಗಿದೆ."

ಮಾಸ್ತರರು ಪೆನ್ಸಿಲ್ಲಿನಲ್ಲಿ 'ಮೂರು ವಿಕೆಟ್‌ಗಳಿಂದ ಗೆದ್ದಿತು' ಎಂದು ಬರೆದರು. ಇಬ್ಬರೂ ಸಹಿ ಹಾಕಿದರು.

ಶಾಮಿಯಾನದಲ್ಲಿ ಕಾರ್ಯಕ್ರಮ ನಡೆಯುತ್ತಲೇ ಇತ್ತು. ಮುಖ್ಯ ಅತಿಥಿಗಳು ಪುಸ್ತಕ ಬಿಡುಗಡೆ ಮಾಡಿ, ಗುರುತು ಹಾಕಿಕೊಟ್ಟಿದ್ದ ಪುಟ 212ನ್ನು ಗಂಭೀರವಾಗಿ ಓದಿದರು. ಎಂಬತ್ತೇಳು ರನ್‌ಗಳಿಂದ ಸೋತಿತು ಎಂಬಲ್ಲಿಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ಯಾಡು ಬಿಚ್ಚದೆ ನಿಂತಿದ್ದ ಗೂಟನೂ ತಟ್ಟಿದ.

ಅತಿಥಿಗಳು ಹೋದ ಮೇಲೆ ಕಾರ್ಯದರ್ಶಿಗಳು ತಲೆ ಮೇಲೆ ಕೈಹೊತ್ತು ಕೂತರು. ಮಾಸ್ತರರು ಸಮಾಧಾನ ಹೇಳಿ, ಪುಸ್ತಕದಲ್ಲಿ ಅಂಟಿಸಲು ಒಂದು ತಿದ್ದುಪಡಿ ಚೀಟಿ ಬರೆದುಕೊಟ್ಟರು. 'ಪುಟ 212, ಸಾಲು 9ರಲ್ಲಿ ಎಂಬತ್ತೇಳು ರನ್‌ಗಳಿಂದ ಸೋತಿತು ಎಂದಿರುವಲ್ಲಿ, ಮೂರು ವಿಕೆಟ್‌ಗಳಿಂದ ಗೆದ್ದಿತು ಎಂದು ಓದಿಕೊಳ್ಳತಕ್ಕದ್ದು.'

ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿದರು. "ಪುಟದ ನಂಬರ್ ಯಾಕ್ರೀ ಹಾಕಿದ್ರಿ? ಈ ಪುಟ ತಪ್ಪು ಅಂತ ನಾವೇ ಒಪ್ಪಿಕೊಂಡ ಹಾಗಾಯ್ತು. ನಾಳೆ ಆ ಪುಟ ಬರೆದವರು ಯಾರು, ಬರೆಸಿದವರು ಯಾರು ಅಂತ ಕೇಳ್ತಾರೆ."

ಅವರು ಪುಟದ ಸಂಖ್ಯೆಯನ್ನೂ ಸಾಲಿನ ಸಂಖ್ಯೆಯನ್ನೂ ರನ್ನು ವಿಕೆಟ್ಟುಗಳನ್ನೂ ಹೊಡೆದುಹಾಕಿದರು. ಅಚ್ಚಾಗಿ ಬಂದ ಚೀಟಿ ಹೀಗಿತ್ತು: 'ಈ ಪುಸ್ತಕದಲ್ಲಿ ಸೋತಿತು ಎಂದಿರುವಲ್ಲೆಲ್ಲ ಗೆದ್ದಿತು ಎಂದು ಓದಿಕೊಳ್ಳತಕ್ಕದ್ದು.'

ಚೀಟಿಯ ಪ್ರಕಾರ ಓದಿಕೊಂಡಾಗ ಪ್ರಾಂತ್ಯ ತಂಡವು ಅರವತ್ತು ವರ್ಷಗಳಲ್ಲಿ ಇನ್ನೂರ ಮೂವತ್ತಮೂರು ಪಂದ್ಯಗಳನ್ನು ಗೆದ್ದಿರುವುದು ಬೆಳಕಿಗೆ ಬಂತು. ಉಳಿದ ಏಳು ಡ್ರಾಗಳ ಬಗ್ಗೆ ಸಂಸ್ಥೆ ವಿಷಾದ ವ್ಯಕ್ತಪಡಿಸಿತು. ಚೀಟಿಯ ಪ್ರತಿಗಳನ್ನು ಎಲ್ಲ ಎದುರು ತಂಡಗಳಿಗೂ ಕಳಿಸಿ, ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು ಎಂದು ತಿಳಿಸಲಾಯಿತು. ಯಾರೂ ಉತ್ತರಿಸಲಿಲ್ಲ. ಹದಿಮೂರು ಜನರ ಸಮಿತಿಯು ಗೆಲುವಿನ ಕಾರಣ ಪರಿಶೀಲನಾ ಸಮಿತಿಯಾಗಿ, ಗಾಳಿ, ಬೆಳಕು, ಅಂಪೈರುಗಳೇ ಕಾರಣವೆಂದು ಕಂಡುಕೊಂಡಿತು. ಅದಕ್ಕೆ ಮೂರನೆಯ ಕೋಣೆ ಮಂಜೂರಾಯಿತು. ಗೆಲುವಿನ ತಂಡದ ಸ್ಕೋರರನ್ನು ಕಳೆದುಕೊಳ್ಳುವುದು ಸೂಕ್ತವಲ್ಲವೆಂದು ಮಾಸ್ತರರ ಸೇವೆಯನ್ನು ಎರಡು ವರ್ಷ ಮುಂದುವರಿಸಲಾಯಿತು.

ಅವರಿಗೆ ಕೊಟ್ಟ ಮೊದಲ ಕೆಲಸವೆಂದರೆ, ಅರವತ್ತು ವರ್ಷಗಳ ಸ್ಕೋರ್ ಪುಸ್ತಕಗಳನ್ನು ಚೀಟಿಗೆ ಅನುಗುಣವಾಗಿ ತಿದ್ದುವುದು. ಜೊತೆಗೆ ಎರಡು ಡಬ್ಬಿ ಹಸಿರು ಪೆನ್ನುಗಳು ಬಂದವು. ಎಲ್ಲವೂ ಚೆನ್ನಾಗಿ ಬರೆಯುತ್ತಿದ್ದವು. ಮಾಸ್ತರರು ದಾಖಲೆ ಕೋಣೆಯಲ್ಲಿ ಮೂರು ವಾರ ಕೂತು, ಇನ್ನೂರ ಮೂವತ್ತೆರಡು ನೀಲಿ ಸಾಲುಗಳ ಮೇಲೆ ಹಸಿರಿನಲ್ಲಿ ಗೆದ್ದಿತು ಎಂದು ಬರೆದರು. ಮೂವತ್ತಾರು ವರ್ಷ ಕಾದಿದ್ದ ಮಾತು ಬರೆದು ಬರೆದು ಬೆರಳು ಮರಗಟ್ಟಿತು. ಖುಷಿ ಮಾತ್ರ ಎಳ್ಳಷ್ಟೂ ಆಗಲಿಲ್ಲ.

ಕೊನೆಯ ಪುಟಕ್ಕೆ ಬಂದಾಗ ಅವರು ಪೆನ್ನಿನ ಮುಚ್ಚಳ ಹಾಕಿದರು. ತಪಾಸಣೆಗೆ ಬಂದ ಕಾರ್ಯದರ್ಶಿಗಳು ಅಲ್ಲೇ ತಡೆದರು.

"ಇದ್ಯಾಕೆ ಪೆನ್ಸಿಲ್ಲಲ್ಲಿದೆ? ಮೂರು ವಿಕೆಟ್ ಅಂತೆ. ನಮ್ಮ ಪುಸ್ತಕದ ಪ್ರಕಾರ ಕೊನೇ ಪಂದ್ಯ ಎಂಬತ್ತೇಳು ರನ್ನಿಂದ ಗೆದ್ದಿದೀವಿ. ಈ ಮೂರು ವಿಕೆಟ್ ಯಾವುದು?"

"ಇದು ಆಡಿದ್ದು ಸಾರ್."

"ಓ, ಆಡಿದ್ದೋ?" ಕಾರ್ಯದರ್ಶಿಗಳು ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಪೆನ್ಸಿಲ್ಲಲ್ಲೇ ಇರ್ಲಿ ಬಿಡಿ."

ಇನ್ನೂರ ಮೂವತ್ತಮೂರರಲ್ಲಿ ಆ ಪಂದ್ಯ ಸೇರಲಿಲ್ಲ. ನಿವೃತ್ತನಾದ ಗೂಟನಿಗೆ ನಲವತ್ತು ಪಂದ್ಯ ಗೆಲ್ಲಿಸಿದ ನಾಯಕನೆಂದು ಸನ್ಮಾನ ನಡೆಯಿತು. ಹಾರ ಹಾಕಿಸಿಕೊಂಡು ಅವನು ನೇರ ದಾಖಲೆ ಕೋಣೆಗೆ ಬಂದು, "ಮಾಸ್ತರೇ, ಅದನ್ನೊಮ್ಮೆ ತೋರಿಸಿ" ಎಂದ. ಮಾಸ್ತರರು ಪುಟ ತೆರೆದರು. ಅವನು ಬೆರಳಿಟ್ಟು ಓದಲು ಹೋದಾಗ, "ಮುಟ್ಟಬೇಡಪ್ಪ, ಅಳಿಸಿ ಹೋಗುತ್ತೆ" ಎಂದರು. ಇಬ್ಬರೂ ಕೈಕಟ್ಟಿಕೊಂಡು ಬಹಳ ಹೊತ್ತು ನೋಡಿದರು, ತುಂಬ ಸಂತೋಷವಾಯಿತು.

ಮುಂದಿನ ವರ್ಷದ ಮೊದಲ ಪಂದ್ಯವನ್ನು ತಂಡವು ಇನಿಂಗ್ಸ್ ಮತ್ತು ನೂರ ಹದಿನಾಲ್ಕು ರನ್‌ಗಳಿಂದ, ಚೀಟಿಯಂತೆ, ಗೆದ್ದಿತು. ಸಂಸ್ಥೆಯ ಎದುರು ಬ್ಯಾಂಡು ಬಾರಿಸಿದರು. ದಾರಿಯಲ್ಲಿ ಸಿಕ್ಕವರೆಲ್ಲ ಮಾಸ್ತರರ ಕೈ ಕುಲುಕಿದರು. ಮಾಸ್ತರರೂ ಮನಸಾರೆ ನಗುತ್ತ ಮನೆಗೆ ಬಂದು ಚಪ್ಪಲಿ ಬಿಟ್ಟರು.

"ಗೆದ್ವಿ ಕಣೇ."

ಹೆಂಡತಿ ಒಳಗಿನಿಂದ ಕೇಳಿದರು: "ಪೆನ್ನಲ್ಲೋ ಪೆನ್ಸಿಲ್ಲಲ್ಲೋ?"

"ಪೆನ್ನಲ್ಲಿ."

"ಸರಿ, ಕೈಕಾಲು ತೊಳ್ಕೊಂಡು ಬನ್ನಿ. ಊಟ ಆರಿಹೋಗ್ತಿದೆ."